ಒಂದೇ ಪೈಪು, ಎರಡು ಚಿತ್ರ

ಆ ಮರದ ಪೆಟ್ಟಿಗೆ ಅಬುಧಾಬಿಯ ಮುಸಫ್ಫಾದಲ್ಲಿರುವ ನಮ್ಮ ವರ್ಕ್‌ಶಾಪಿಗೆ ಬಂದ ದಿನ ಹೊರಗೆ ನಲವತ್ತೈದು ಡಿಗ್ರಿ ಬಿಸಿಲು. ಫೋರ್ಕ್‌ಲಿಫ್ಟ್ ಅದನ್ನು ಪರೀಕ್ಷಾ ಶೆಡ್ಡಿನ ಪಕ್ಕದ ಪೋರ್ಟಾಕ್ಯಾಬಿನ್ ಬಾಗಿಲಲ್ಲಿ ಇಳಿಸಿ ಹೋಯಿತು. ಒಳಗಿದ್ದದ್ದು ಒಂದು ಕಂಪ್ಯೂಟರ್. ನೋಡಲು ವರ್ಕ್‌ಶಾಪುಗಳಲ್ಲಿರುವ ಬೇರೆ ಯಾವುದೇ ಬೂದು ಡಬ್ಬಿಯ ಹಾಗೆಯೇ ಇತ್ತು. ಆದರೆ ಅದರ ಪ್ರೊಸೆಸರನ್ನು ಚೀನಾದವರು ತಾವೇ ವಿನ್ಯಾಸ ಮಾಡಿ ತಾವೇ ತಯಾರಿಸಿದ್ದರು. ಅದು ಅರ್ಥಮಾಡಿಕೊಳ್ಳುವ ಸೂಚನೆಗಳ ಭಾಷೆ ಕೂಡ ಅವರದ್ದೇ.

ನಮ್ಮ ಕಂಪನಿ ಎಣ್ಣೆ ಬಾವಿಗಳಿಗೆ ಪೈಪು ಜೋಡಿಸಿಕೊಡುತ್ತದೆ. ವೆಲ್ಡಿಂಗ್ ಆದ ಪ್ರತಿ ಜಾಯಿಂಟಿನ ಸುತ್ತ ಒಂದು ಪ್ರೋಬ್ ಹರಿದಾಡಿಸಿ, ಉಕ್ಕಿನೊಳಗೆ ಶಬ್ದ ಕಳಿಸಿ, ವಾಪಸು ಬರುವ ಪ್ರತಿಧ್ವನಿಯಿಂದ ಒಳಗಿನ ಚಿತ್ರ ಬಿಡಿಸುತ್ತೇವೆ. ಬಿರುಕು ಇದ್ದರೆ ಆ ಚಿತ್ರದಲ್ಲಿ ಕೆಂಪು ಗೆರೆಯಾಗಿ ಕಾಣುತ್ತದೆ. ಪ್ರತಿಧ್ವನಿಯನ್ನು ಓದಿ ಚಿತ್ರ ಬಿಡಿಸುವ ಪ್ರೋಗ್ರಾಮ್ ನಾನು ಹನ್ನೊಂದು ವರ್ಷದ ಹಿಂದೆ ಬರೆದದ್ದು. ಪಾಸಾದ ಪೈಪು ಸಮುದ್ರದ ತಳಕ್ಕೆ ಹೋಗುತ್ತದೆ. ಆಮೇಲೆ ಅದನ್ನು ಯಾರೂ ಮೇಲೆತ್ತಿ ನೋಡುವುದಿಲ್ಲ.

ಹಳೆಯ ಕಂಪ್ಯೂಟರ್ ಆ ವರ್ಷ ಎರಡು ಸಲ ಕೈಕೊಟ್ಟಿತ್ತು. ಅದರ ಬೋರ್ಡನ್ನು ತಯಾರಿಸುವುದನ್ನೇ ನಿಲ್ಲಿಸಿದ್ದರು. ನಾನು ಒಂದು ಶನಿವಾರ ದುಬೈಗೆ ಹೋಗಿ ನೈಫ್‌ನ ಗಲ್ಲಿಗಳಲ್ಲಿ ಹಳೆಯ ಬೋರ್ಡಿಗಾಗಿ ಅಂಗಡಿ ಅಂಗಡಿ ಕೇಳಿ ಬಂದಿದ್ದೆ. ಸಿಕ್ಕಿದ್ದು ಒಂದೇ ಒಂದು. ಅದೂ ಎಷ್ಟು ದಿನ ಬಾಳುತ್ತದೋ ಗೊತ್ತಿಲ್ಲ. ಅದೇ ಕಂಪನಿಯ ಹೊಸ ಮಾದರಿಗೆ ಯಾವುದೋ ರಫ್ತು ಕಾಗದ ಬರಬೇಕು ಎಂದು ಮಾರಾಟಗಾರರು ಪ್ರತಿ ವಾರ ಹೇಳುತ್ತಿದ್ದರು. ಅಷ್ಟರಲ್ಲಿ ಚೀನಾದ ಒಂದು ಕಂಪನಿ ಮುಂದೆ ಬಂತು: ಒಂದು ಯಂತ್ರ ಕಳಿಸುತ್ತೇವೆ, ಜೊತೆಗೆ ನಮ್ಮ ಎಂಜಿನಿಯರನ್ನೂ ಕಳಿಸುತ್ತೇವೆ, ಹನ್ನೆರಡು ದಿನ ಪರೀಕ್ಷೆ ಮಾಡಿ, ಒಪ್ಪಿಗೆಯಾದರೆ ಉಳಿದ ಐದು ಶೆಡ್ಡಿಗೂ ಕೊಡುತ್ತೇವೆ. ನಮ್ಮ ಮ್ಯಾನೇಜರ್ ಅಲೆಕ್ಸಾಂಡ್ರಿಯಾ ಕಡೆಯವರು, ಬೇಗ ತೀರ್ಮಾನ ಮಾಡುವ ಮನುಷ್ಯ. "ಯಲ್ಲಾ, ನೋಡಿಯೇ ಬಿಡೋಣ" ಎಂದರು.

ಎಂಜಿನಿಯರ್ ಮರುದಿನ ಬಂದರು. ಐವತ್ತರ ಆಸುಪಾಸಿನ ಗಂಡಸು, ಸಣ್ಣಗೆ ಕತ್ತರಿಸಿದ ನರೆಗೂದಲು. ಕೈಯಲ್ಲಿ ಚೌಕುಳಿ ಹಾಳೆಯ ಒಂದು ನೋಟ್‌ಪುಸ್ತಕ. ಇಂಗ್ಲಿಷಿನಲ್ಲಿ ಒಂದೊಂದೇ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ನಿಧಾನವಾಗಿ ಹೇಳುತ್ತಿದ್ದರು. ಅವರು ಕ್ಯಾಬಿನ್ನಿಗೆ ಬಂದವರೇ ಮೊದಲು ಕೇಳಿದ್ದು, ಮಧ್ಯಾಹ್ನ ಇಲ್ಲಿ ಎಷ್ಟು ಬಿಸಿ ಆಗುತ್ತದೆ ಎಂದು. ಉತ್ತರವನ್ನು ಪುಸ್ತಕದಲ್ಲಿ ಬರೆದುಕೊಂಡರು.

ಶೆಡ್ಡಿನಲ್ಲಿ ಪ್ರೋಬ್ ಹಿಡಿಯುವವರು ಕಾರ್ಕಳ ಕಡೆಯ ಒಬ್ಬ ಟೆಕ್ನಿಶಿಯನ್. ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅವರನ್ನು ಅಣ್ಣ ಎನ್ನುತ್ತೇನೆ. ಅವರ ಮನೆಮಾತು ತುಳು, ನನ್ನದು ಕುಮಟಾದ ಕೊಂಕಣಿ. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ಅವರು ಬೂದು ಡಬ್ಬಿಯನ್ನು ಒಂದು ಸುತ್ತು ಬಂದು ನೋಡಿದರು.

"ಮೇಡಂ, ಇದರ ಒಳಗಿನ ಚಿಪ್ಪೂ ಚೀನಾದ್ದೇ ಅಂತೆ, ಹೌದಾ?"

"ಹೌದು ಅಣ್ಣ."

"ನನ್ನ ಟಾರ್ಚೂ ಚೀನಾದ್ದೇ. ಒಂದು ಸಲ ಕೆಳಗೆ ಬಿತ್ತು, ಖಲಾಸ್."

ಮೊದಲ ನಾಲ್ಕು ದಿನ ಕೆಲಸ ಒಂದೇ: ನನ್ನ ಪ್ರೋಗ್ರಾಮನ್ನು ಆ ಯಂತ್ರದ ಭಾಷೆಗೆ ತರುವುದು. ಬರೆದದ್ದನ್ನು ಹೊಸ ಪ್ರೊಸೆಸರಿಗಾಗಿ ಮತ್ತೆ ಕಂಪೈಲ್ ಮಾಡಿದರೆ ಆಯಿತು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಪ್ರೋಬಿನಿಂದ ಪ್ರತಿಧ್ವನಿ ಹಿಡಿಯುವ ಕಾರ್ಡು ಒಂದಿದೆ. ಅದನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರನ್ನು ಕಾರ್ಡಿನ ಕಂಪನಿ ಹಳೆಯ ಪ್ರೊಸೆಸರಿಗೆ ಮಾತ್ರ ಕೊಟ್ಟಿತ್ತು. ಹೊಸದಕ್ಕೆ ಬೇಕು ಎಂದು ಬರೆದದ್ದಕ್ಕೆ, ಆ ಪ್ರೊಸೆಸರಿನ ಹೆಸರೇ ಕೇಳಿಲ್ಲ ಎಂದು ಉತ್ತರ ಬಂತು.

ಎಂಜಿನಿಯರ್ ಆ ಪತ್ರವನ್ನು ಓದಿ ತಲೆಯಾಡಿಸಿದರು. "ಎಲ್ಲ ಕಡೆ ಇದೇ ಉತ್ತರ" ಎಂದರು. ಬೇಸರದಿಂದ ಹೇಳಿದಂತೆ ಅನ್ನಿಸಲಿಲ್ಲ. ಕಾರ್ಡಿನ ಮ್ಯಾನುವಲ್ ತರಿಸಿಕೊಂಡು, ಯಾವ ವಿಳಾಸಕ್ಕೆ ಯಾವ ಸಂಖ್ಯೆ ಕಳಿಸಿದರೆ ಕಾರ್ಡು ಏನು ಮಾಡುತ್ತದೆ ಎಂದು ಚೌಕುಳಿ ಹಾಳೆಯಲ್ಲಿ ಪಟ್ಟಿ ಮಾಡಿದರು. ಒಬ್ಬರು ಓದುವುದು, ಇನ್ನೊಬ್ಬರು ಬರೆಯುವುದು, ಅಣ್ಣ ಆಚೆ ಪ್ರೋಬ್ ಹಿಡಿದು ಕಿಟಕಿಯಲ್ಲಿ ಹೆಬ್ಬೆರಳು ತೋರಿಸುವುದು. ನಾಲ್ಕನೇ ದಿನ ಊಟಕ್ಕೆ ಮೊದಲು ಕಾರ್ಡಿನಿಂದ ಮೊದಲ ಪ್ರತಿಧ್ವನಿ ಬಂತು. ಪರದೆಯ ಮೇಲೆ ಒಂದು ಹಸಿರು ಗುಡ್ಡ ಎದ್ದು ಇಳಿಯಿತು. ಎಂಜಿನಿಯರ್ ಎದ್ದು ನಿಂತು ನನ್ನ ಕೈ ಕುಲುಕಿದರು.

ಆ ದಿನ ಊಟದ ಹೊತ್ತಿಗೆ ಅವರು ತಮ್ಮ ಕೆಲಸದ ಬಗ್ಗೆ ಸ್ವಲ್ಪ ಹೇಳಿದರು. ಮೊದಲು ಅವರ ಗುಂಪು ಹೊರದೇಶದ ವಿನ್ಯಾಸದ ಸಾಫ್ಟ್‌ವೇರ್ ಬಳಸಿ, ಹೊರದೇಶದ ಕಾರ್ಖಾನೆಯಲ್ಲಿ ಚಿಪ್ ಮಾಡಿಸುತ್ತಿತ್ತಂತೆ. ಒಂದು ಬೆಳಿಗ್ಗೆ ರಫ್ತು ನಿರ್ಬಂಧ ಬಂದು ಎರಡೂ ಇಲ್ಲ ಎಂದಾಯಿತು. ಅರ್ಧ ಜನ ಬೇರೆ ಕೆಲಸಕ್ಕೆ ಹೋದರು. ಉಳಿದವರು ಇದ್ದ ಹಳೆಯ ಸಾಮಗ್ರಿಯಲ್ಲೇ ಮತ್ತೆ ಮೊದಲಿಂದ ಶುರುಮಾಡಿದರು.

"ನಮ್ಮ ಕಾರ್ಖಾನೆಯ ವಿಧಾನ ಹೊಸದಲ್ಲ. ಅದಕ್ಕೇ ಈ ಚಿಪ್ ಅವರದಕ್ಕಿಂತ ನಿಧಾನ, ಬಿಸಿ ಕೂಡ ಜಾಸ್ತಿ" ಎಂದರು. "ಆದರೆ ಲೆಕ್ಕ ತಪ್ಪುವುದಿಲ್ಲ."

ಅವರು ಹಾಗೆ ಹೇಳಿದ್ದನ್ನು ನಾನು ಆಮೇಲೆ ಬಹಳ ಸಲ ನೆನಪಿಸಿಕೊಂಡೆ.

ಐದನೇ ದಿನ ಪರೀಕ್ಷೆ ಶುರುವಾಯಿತು. ನಮ್ಮಲ್ಲಿ ಇದಕ್ಕೆಂದೇ ಇಟ್ಟ ಒಂದು ಪೈಪಿನ ತುಂಡಿದೆ. ಅದರ ಜಾಯಿಂಟಿನಲ್ಲಿ ಒಂದು ಕೂದಲೆಳೆಯ ಬಿರುಕು ಬೇಕೆಂದೇ ಮಾಡಿಸಿದ್ದು. ಎಲ್ಲಿದೆ, ಎಷ್ಟು ಉದ್ದ ಎನ್ನುವುದು ಗೊತ್ತು. ಒಂದೇ ಪ್ರೋಬಿನ ತಂತಿಯನ್ನು ಎರಡಾಗಿ ಸೀಳಿ ಒಂದನ್ನು ಹಳೆಯ ಯಂತ್ರಕ್ಕೆ, ಇನ್ನೊಂದನ್ನು ಹೊಸದಕ್ಕೆ ಕೊಟ್ಟೆವು. ಅಣ್ಣ ಪ್ರೋಬನ್ನು ಜಾಯಿಂಟಿನ ಸುತ್ತ ಒಂದು ಸುತ್ತು ತಿರುಗಿಸಬೇಕು, ಎರಡೂ ಯಂತ್ರ ಚಿತ್ರ ಬಿಡಿಸಬೇಕು, ನಾನು ಹೋಲಿಸಬೇಕು. ಇನ್ನೂರು ಸುತ್ತು ಮಾಡಬೇಕೆಂದು ನಿಯಮ.

ಮೂವತ್ತೇಳನೇ ಸುತ್ತಿನಲ್ಲಿ ಹಳೆಯ ಯಂತ್ರ ಕೆಂಪು ಗೆರೆ ತೋರಿಸಿತು. ಹೊಸದು ತೋರಿಸಲಿಲ್ಲ.

ನಾನು ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ. ಒಂದೇ ಪೈಪು, ಒಂದೇ ಪ್ರೋಬು, ಎರಡು ಚಿತ್ರ. ಮೂವತ್ತೆಂಟನೇ ಸುತ್ತಿನಲ್ಲಿ ಎರಡೂ ಸರಿ. ಐವತ್ತೆರಡರಲ್ಲಿ ಬಿರುಕು ಅರ್ಧ ಮಾತ್ರ. ತೊಂಬತ್ತರಲ್ಲಿ ಮತ್ತೆ ಮಾಯ. ಇನ್ನೂರು ಸುತ್ತು ಮುಗಿಯುವಾಗ ಹೊಸ ಯಂತ್ರ ಆರು ಸಲ ತಪ್ಪಿತ್ತು. ಹಳೆಯದು ಒಂದು ಸಲವೂ ಇಲ್ಲ.

ಅಣ್ಣ ಕ್ಯಾಬಿನ್ನಿಗೆ ಬಂದು ಎರಡು ಪರದೆಯನ್ನೂ ನೋಡಿದರು. "ಇಲ್ಲದ ಬಿರುಕು ತೋರಿಸಿದ್ರೆ ಎಂತ ತೊಂದ್ರೆ ಇಲ್ಲ ಮೇಡಂ, ಇನ್ನೊಂದು ಸಲ ನೋಡ್ಬಹುದು. ಇದ್ದದ್ದನ್ನು ಮುಚ್ಚಿಟ್ರೆ ಜನ ಸಾಯ್ತಾರೆ" ಎಂದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಮ್ಯಾನೇಜರ್ ಹತ್ತು ನಿಮಿಷದಲ್ಲಿ ಬಂದರು. "ಖಲಾಸ್. ಪೆಟ್ಟಿಗೆಗೆ ಹಾಕಿ ಕಳಿಸಿ" ಎಂದರು. ಎಂಜಿನಿಯರ್ ಎರಡು ದಿನ ಕೊಡಿ ಎಂದು ಕೇಳಿದರು. ಮ್ಯಾನೇಜರ್ ನನ್ನ ಮುಖ ನೋಡಿದರು. ಕೊಡೋಣ ಎಂದೆ. ಧಾರಾಳತನವೇನೂ ಅಲ್ಲ, ನಾಲ್ಕು ದಿನ ಜೊತೆಗೆ ಕೂತು ಬರೆದ ಮೇಲೆ ಬೇರೆ ಹೇಳಲು ಬಾಯಿ ಬರಲಿಲ್ಲ.

ಆರನೇ ದಿನ ಎಂಜಿನಿಯರ್ ತಮ್ಮ ಪ್ರೊಸೆಸರಿನ ಸ್ವಂತ ಪರೀಕ್ಷೆಗಳನ್ನೆಲ್ಲ ಓಡಿಸಿದರು. ಗಂಟೆಗಟ್ಟಲೆ ಕೂಡುವುದು, ಗುಣಿಸುವುದು, ನೆನಪಿನಲ್ಲಿ ಇಡುವುದು, ತೆಗೆಯುವುದು. ಒಂದು ತಪ್ಪೂ ಸಿಗಲಿಲ್ಲ. ಮಧ್ಯಾಹ್ನ ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಪ್ರತಿಧ್ವನಿ ಒಳಗೆ ಬರುವ ಭಾಗ ನೀವು ಹೇಗೆ ಬರೆದಿದ್ದೀರಿ, ನೋಡಬಹುದೇ?"

"ಅದು ಕಂಪನಿಯ ಆಸ್ತಿ. ಹೊರಗಿನವರಿಗೆ ತೋರಿಸುವ ಹಾಗಿಲ್ಲ" ಎಂದೆ. ಅದು ನಿಜವೇ. ಆದರೆ ಡ್ರೈವರ್ ಬರೆಯುವಾಗ ಅದಕ್ಕಿಂತ ಹೆಚ್ಚಿನದನ್ನು ತೋರಿಸಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಇಲ್ಲ ಎಂದೆ. ಸಂಜೆ ಹೊರಡುವ ಮುಂಚೆ ಬೇರೆ ಮಾತು ಕೇಳಿದರು: "ತಪ್ಪಾದ ಜಾಗದಲ್ಲಿ ಏನಿದೆ? ಕಸವೇ? ಅಥವಾ ಹಳೆಯದೇ?"

ನನಗೆ ಸಿಟ್ಟು ಬಂತು. ತಮ್ಮ ಚಿಪ್ಪಿನ ತಪ್ಪನ್ನು ನನ್ನ ತಲೆಗೆ ಕಟ್ಟಲು ದಾರಿ ಹುಡುಕುತ್ತಿದ್ದಾರೆ ಎನ್ನಿಸಿತು. "ಹನ್ನೊಂದು ವರ್ಷದಿಂದ ಈ ಪ್ರೋಗ್ರಾಮ್ ಒಂದು ಸಲವೂ ತಪ್ಪಿಲ್ಲ" ಎಂದೆ. ಅವರು "ಸರಿ" ಎಂದು ಚೀಲ ತೆಗೆದುಕೊಂಡು ಹೋದರು.

ಬಿಸಿಲಿನ ಅನುಮಾನ ಅಣ್ಣನದ್ದು. "ಇನ್ನೂರು ಸುತ್ತು ಮಾಡಿದ್ದೇ ಉರಿ ಬಿಸಿಲಲ್ಲಿ, ನೋಡಿ. ಚಿಪ್ಪಿಗೆ ಉರಿ ಹತ್ತಿದೆ. ತಂಪು ಮಾಡಿ ಕೊಟ್ರೆ ಸರಿಯಾದೀತು" ಎಂದರು. ಅವರು ಹಾಗೆ ಹೇಳಿದ್ದು ನನಗೆ ಆಶ್ಚರ್ಯ. ಟಾರ್ಚಿನ ಕತೆ ಹೇಳಿದವರು ಈಗ ಯಂತ್ರದ ಪರ ವಕಾಲತ್ತಿಗೆ ನಿಂತಿದ್ದರು. ಏಳನೇ ದಿನ ಬೆಳಿಗ್ಗೆ ಪೇಂಟಿಂಗ್ ವಿಭಾಗದಿಂದ ಒಂದು ದೊಡ್ಡ ಕೂಲರ್ ಎಳೆದುತಂದು, ಬಟ್ಟೆಯ ಕೊಳವೆ ಕಟ್ಟಿ, ತಂಪು ಗಾಳಿ ನೇರವಾಗಿ ಡಬ್ಬಿಯ ಮೇಲೆ ಬೀಳುವಂತೆ ಮಾಡಿದರು. ಪ್ರೊಸೆಸರಿನ ಬಿಸಿ ಇಪ್ಪತ್ತು ಡಿಗ್ರಿ ಇಳಿಯಿತು. ಮತ್ತೆ ಇನ್ನೂರು ಸುತ್ತು.

ಹದಿನಾಲ್ಕು ತಪ್ಪು.

ಅಣ್ಣ ಕೂಲರನ್ನು ಆಫ್ ಮಾಡಿ ಅದರ ಮೇಲೆಯೇ ಕುಳಿತುಬಿಟ್ಟರು. "ಎಂತ ಮಾರಾಯ್ರೆ ಇದು! ತಂಪು ಮಾಡಿದ್ರೆ ಜಾಸ್ತಿ ಆಗುದಾ?"

ಮ್ಯಾನೇಜರಿಗೆ ಅಷ್ಟು ಸಾಕಾಯಿತು. ಯಂತ್ರ ವಾಪಸು ಕಳಿಸುವ ಪತ್ರವನ್ನು ಸಂಜೆಯೊಳಗೆ ಬರೆಸಿದರು. ‘ಪ್ರೊಸೆಸರಿನ ದೋಷದಿಂದ ತಪ್ಪು ಫಲಿತಾಂಶ ಬಂದಿರುವುದಾಗಿ ನಮ್ಮ ತಾಂತ್ರಿಕ ವಿಭಾಗ ದೃಢಪಡಿಸಿದೆ’ ಎಂದಿತ್ತು. ಕೆಳಗೆ ನನ್ನ ಸಹಿಗೆ ಜಾಗ. ನಾಳೆ ಬೆಳಿಗ್ಗೆ ಸಹಿ ಮಾಡಿ ಕೊಡುತ್ತೇನೆ ಎಂದು ಪತ್ರವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತಿದ್ದೆ. ಸೇತುವೆ ದಾಟುವಾಗ, ಯಾಕೋ, ಎಂಜಿನಿಯರ್ ಕೇಳಿದ ಮಾತು ಮತ್ತೆ ತಲೆಗೆ ಬಂತು. ಕಸವೇ, ಹಳೆಯದೇ? ಕೆಟ್ಟ ಚಿಪ್ ಆಗಿದ್ದರೆ ಅದು ಕೊಡುವ ತಪ್ಪು ಹೇಗೆ ಬೇಕಾದರೂ ಇರಬೇಕು. ತಂಪಾದಾಗ ಕಡಿಮೆಯಾಗಬೇಕು. ಇಲ್ಲಿ ತಂಪಾದಾಗ ಜಾಸ್ತಿಯಾಗಿದೆ. ಬಿಸಿಯಾದಾಗ ತಾನೇ ವೇಗ ಇಳಿಸಿಕೊಳ್ಳುವ ಪ್ರೊಸೆಸರ್ ತಂಪಾದರೆ ಪೂರ್ತಿ ವೇಗದಲ್ಲಿ ಓಡುತ್ತದೆ. ಹಾಗಾದರೆ ತಪ್ಪು ಬರುತ್ತಿರುವುದು ಬಿಸಿಯಿಂದಲ್ಲ, ವೇಗದಿಂದ.

ಕ್ಯಾಬಿನ್ನಿಗೆ ಹೋದವಳೇ ಚೀಲ ಇಳಿಸದೆ ಹಿಂದಿನ ದಿನದ ದಾಖಲೆ ತೆರೆದೆ. ಕಾರ್ಡು ಪ್ರತಿಯೊಂದು ಪ್ರತಿಧ್ವನಿಯ ತಲೆಯ ಮೇಲೂ ಒಂದು ಕ್ರಮಸಂಖ್ಯೆ ಒತ್ತಿ ಕಳಿಸುತ್ತದೆ. ಅದನ್ನು ವರ್ಷಗಳಿಂದ ಯಾರೂ ನೋಡಿಲ್ಲ, ನಾನೂ ನೋಡಿಲ್ಲ. ಬಿರುಕು ಮಾಯವಾದ ಜಾಗಕ್ಕೆ ಹೋದೆ. ಅಲ್ಲಿ ಕಸ ಇರಲಿಲ್ಲ. ಸ್ವಲ್ಪ ಮೊದಲು ಬಂದಿದ್ದ ಪ್ರತಿಧ್ವನಿಯೇ ಅದೇ ಸಂಖ್ಯೆಯೊಂದಿಗೆ ಎರಡನೇ ಸಲ ಕೂತಿತ್ತು. ಪೈಪಿನ ಒಳ್ಳೆಯ ಭಾಗದ ಚಿತ್ರ ಬಿರುಕಿನ ಮೇಲೆ ಹೊದಿಕೆಯ ಹಾಗೆ ಬಿದ್ದಿತ್ತು. ಉಳಿದ ಹದಿಮೂರು ತಪ್ಪುಗಳೂ ಹಾಗೆಯೇ.

ಆಗ ನನಗೆ ಎಲ್ಲಿ ನೋಡಬೇಕೆಂದು ಗೊತ್ತಾಯಿತು.

ನನ್ನ ಪ್ರೋಗ್ರಾಮಿನಲ್ಲಿ ಎರಡು ಭಾಗ ಒಟ್ಟಿಗೆ ಓಡುತ್ತವೆ. ಒಂದು, ಪ್ರತಿಧ್ವನಿಯನ್ನು ತಂದು ಮೆಮೊರಿಯ ಒಂದು ಜಾಗದಲ್ಲಿ ಇಟ್ಟು ‘ಸಿದ್ಧ’ ಎಂದು ಗುರುತು ಹಾಕುತ್ತದೆ. ಇನ್ನೊಂದು, ಗುರುತು ಕಂಡ ಕೂಡಲೇ ಅಲ್ಲಿದ್ದದ್ದನ್ನು ಎತ್ತಿ ಚಿತ್ರಕ್ಕೆ ಸೇರಿಸುತ್ತದೆ. ಹೋಟೆಲಿನಲ್ಲಿ ಅಡುಗೆಯವರು ತಟ್ಟೆಗೆ ದೋಸೆ ಹಾಕಿ ಗಂಟೆ ಬಾರಿಸುತ್ತಾರಲ್ಲ, ಬಡಿಸುವವರು ಗಂಟೆ ಕೇಳಿ ತಟ್ಟೆ ಎತ್ತುತ್ತಾರಲ್ಲ, ಹಾಗೆ. ಹಳೆಯ ಪ್ರೊಸೆಸರ್ ದೋಸೆ ಮೊದಲು, ಗಂಟೆ ಆಮೇಲೆ ಎನ್ನುವ ಕ್ರಮವನ್ನು ನಾವು ಹೇಳದಿದ್ದರೂ ತಾನಾಗಿ ಪಾಲಿಸುತ್ತಿತ್ತು. ಹೊಸ ಪ್ರೊಸೆಸರ್ ವೇಗಕ್ಕಾಗಿ ಕೆಲವೊಮ್ಮೆ ಗಂಟೆಯನ್ನು ಮೊದಲು ಕೇಳಿಸುತ್ತದೆ. ಆಗ ಬಡಿಸುವವರ ಕೈಗೆ ಬರುವುದು ತಟ್ಟೆಯಲ್ಲಿ ಮೊದಲೇ ಇದ್ದ ಹಳೆಯ ದೋಸೆ. ಕ್ರಮ ಬೇಕೇ ಬೇಕೆಂದಿದ್ದರೆ ನಡುವೆ ಒಂದು ಸೂಚನೆ ಬರೆಯಬೇಕು ಎಂದು ಅದರ ಮ್ಯಾನುವಲಿನಲ್ಲಿ ಸ್ಪಷ್ಟವಾಗಿ ಇದೆ. ಈ ಪ್ರೊಸೆಸರ್ ಒಂದೇ ಹೀಗಲ್ಲ. ನಮ್ಮೆಲ್ಲರ ಮೊಬೈಲಿನೊಳಗಿನದೂ ಹೀಗೆಯೇ. ಸರಿಯಾಗಿ ಬರೆಯುವವರು ಯಾವ ಪ್ರೊಸೆಸರಿಗೇ ಆಗಲಿ ಆ ಸೂಚನೆಯನ್ನು ಬರೆದೇ ಬರೆಯುತ್ತಾರೆ.

ನಾನು ಬರೆದಿರಲಿಲ್ಲ. ‘ಸಿದ್ಧ’ ಎಂದು ಗುರುತು ಹಾಕುವ ಸಾಲಿನ ಪಕ್ಕದಲ್ಲಿ ನನ್ನದೇ ಟಿಪ್ಪಣಿ ಇತ್ತು: ‘ಇಲ್ಲಿ ಬೇರೇನೂ ಬೇಕಾಗಿಲ್ಲ, ಪರೀಕ್ಷಿಸಿದ್ದೇನೆ.’ ಕೆಳಗೆ ನನ್ನ ಹೆಸರಿನ ಮೊದಲ ಅಕ್ಷರಗಳು.

ಕ್ಯಾಬಿನ್ನಿನಲ್ಲಿ ಆಗ ನಾನೊಬ್ಬಳೇ ಇದ್ದೆ. ಹೊರಗೆ ಗ್ರೈಂಡಿಂಗ್ ಸದ್ದು. ಚೀಲದಲ್ಲಿ ಆ ಪತ್ರ. ಸಹಿ ಹಾಕಿದರೆ ಯಂತ್ರ ಪೆಟ್ಟಿಗೆಗೆ ಹೋಗುತ್ತದೆ, ಎಂಜಿನಿಯರ್ ವಿಮಾನ ಹತ್ತುತ್ತಾರೆ, ಅಷ್ಟೇ. ಚೀನಾದ ಚಿಪ್ ಕೆಟ್ಟದ್ದು ಎಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಹೇಳಿದರೆ? ಆ ಸಾಲಿನ ಮೂಲಕ ಹಾದುಹೋದ ಹನ್ನೊಂದು ವರ್ಷದ ಪೈಪುಗಳೆಲ್ಲ ಪ್ರಶ್ನೆಯಾಗುತ್ತವೆ. ಹಳೆಯ ಪ್ರೊಸೆಸರಿನಲ್ಲಿ ಆ ತಪ್ಪು ಹೊರಬರುವ ಹಾಗಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಒಮ್ಮೆ ಗೊತ್ತಿದೆ ಎಂದುಕೊಂಡು ‘ಬೇರೇನೂ ಬೇಕಾಗಿಲ್ಲ’ ಎಂದು ಬರೆದವಳು ನಾನೇ ಅಲ್ಲವೇ? ಇಲ್ಲಿ ಕೆಲಸ ಹೋದರೆ ವೀಸಾ ಹೋಗುತ್ತದೆ. ಮಗಳ ಹನ್ನೆರಡನೇ ತರಗತಿ ಅರ್ಧದಲ್ಲಿತ್ತು. ಸುಮಾರು ಅರ್ಧ ಗಂಟೆ ನಾನು ಆ ಪರದೆಯ ಮುಂದೆ ಸುಮ್ಮನೆ ಕುಳಿತೆ. ನಿಜ ಹೇಳಬೇಕೆಂದರೆ, ಸಹಿ ಹಾಕುವ ಕಡೆಗೇ ಮನಸ್ಸು ವಾಲಿತ್ತು.

ಅಷ್ಟರಲ್ಲಿ ಎಂಜಿನಿಯರ್ ಬಂದರು. ಯಂತ್ರ ವಾಪಸು ಹೋಗುತ್ತದೆಂದು ಅವರಿಗೆ ಗೊತ್ತಾಗಿತ್ತು. ಯಾರ ಸಹಾಯವನ್ನೂ ಕೇಳದೆ, ಸ್ಕ್ರೂ ಡ್ರೈವರ್ ಹಿಡಿದು ಮೊಣಕಾಲೂರಿ, ಡಬ್ಬಿಯ ಹಿಂದಿನ ತಂತಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು. ಬಿಚ್ಚಿದ ಪ್ರತಿ ತಂತಿಯನ್ನೂ ಸುರುಳಿ ಸುತ್ತಿ, ಯಾವುದು ಎಲ್ಲಿಯದು ಎಂದು ಚೀಟಿ ಬರೆದು ಅಂಟಿಸುತ್ತಿದ್ದರು. ಸೋತು ಹೊರಟವರು ಅಷ್ಟು ಜೋಪಾನವಾಗಿ ಕೆಲಸ ಮಾಡುವುದನ್ನು ನೋಡಿಕೊಂಡು ಕುಳಿತಿರಲು ನನ್ನಿಂದಾಗಲಿಲ್ಲ.

"ಬಿಚ್ಚಬೇಡಿ. ಇಲ್ಲಿ ಬನ್ನಿ" ಎಂದೆ. ಪರದೆಯನ್ನು ಅವರ ಕಡೆ ತಿರುಗಿಸಿದೆ.

ಅವರು ಆ ಸಾಲನ್ನು ಓದಿದರು. ನನ್ನ ಟಿಪ್ಪಣಿಯನ್ನೂ ಓದಿದರು. ಗೆದ್ದ ಮುಖ ನಿರೀಕ್ಷಿಸಿದ್ದೆ; ಅದೇನೂ ಕಾಣಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕುಳಿತರು.

"ಇದು ಇರಬಹುದು ಎಂದು ನಿಮಗೆ ಮೊದಲೇ ಅನ್ನಿಸಿತ್ತಾ?" ಎಂದು ಕೇಳಿದೆ.

"ಬೇರೆ ಊರುಗಳಲ್ಲೂ ಹೀಗೆ ಆಗಿದೆ. ಆದರೆ ನಾನು ಹೇಳಿದರೆ, ಚಿಪ್ಪನ್ನು ಉಳಿಸಲು ಹೇಳಿದೆ ಅನ್ನುತ್ತೀರಿ."

"ಅನ್ನುತ್ತಿದ್ದೆ" ಎಂದೆ.

ಆಗ ಅವರು ಹೇಳಿದರು: "ನಮ್ಮ ಮೊದಲ ಚಿಪ್ ಕಾರ್ಖಾನೆಯಿಂದ ಬಂದಾಗ ಅದು ಶುರುವಾಗಲೇ ಇಲ್ಲ. ಮೂರು ವಾರ ಎಲ್ಲರೂ ಕಾರ್ಖಾನೆಯನ್ನು ಬೈದರು. ತಪ್ಪು ನನ್ನ ಭಾಗದಲ್ಲಿತ್ತು. ನನಗೆ ಅದು ಗೊತ್ತಾದ ಮೇಲೂ ಹೇಳಲು ಎರಡು ದಿನ ಬೇಕಾಯಿತು." ಆಮೇಲೆ ಗಡಿಯಾರ ನೋಡಿಕೊಂಡರು. "ನಿಮಗೆ ಒಂದು ಬೆಳಿಗ್ಗೆ ಸಾಕಾಯಿತು."

ನಾವು ಮೊದಲು ಆ ಸೂಚನೆಯನ್ನು ಸೇರಿಸಿದೆವು. ಒಂದು ಸಾಲು. ಅಣ್ಣನನ್ನು ಕರೆದೆವು. ಅವರಿಗೆ ವಿಷಯ ಹೇಳಿದೆ. "ಹಾಗಾದ್ರೆ ಚಿಪ್ಪು ಪಾಪದ್ದು" ಎಂದಷ್ಟೇ ಹೇಳಿ ಪ್ರೋಬ್ ಹಿಡಿದರು. ಇನ್ನೂರು ಸುತ್ತು ಮುಗಿಯುವಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಒಂದೂ ತಪ್ಪಿಲ್ಲ. ಕೂಲರ್ ಹಚ್ಚಿ ಇನ್ನೊಂದು ಇನ್ನೂರು. ಒಂದೂ ಇಲ್ಲ.

ಆಮೇಲೆ ನಾನು ಮ್ಯಾನೇಜರರ ಕೋಣೆಗೆ ಹೋಗಿ, ಸಹಿ ಹಾಕದ ಪತ್ರವನ್ನು ಮೇಜಿನ ಮೇಲಿಟ್ಟು, ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಅವರು ಎದ್ದು ಬಾಗಿಲು ಮುಚ್ಚಿದರು.

"ಏನು ಹೇಳುತ್ತಿದ್ದೀರಿ ಗೊತ್ತಾ? ಹನ್ನೊಂದು ವರ್ಷ! ಆ ಪೈಪುಗಳೆಲ್ಲ ನೀರಿನ ಕೆಳಗೆ ಇವೆ!"

"ಗೊತ್ತು. ಅದಕ್ಕೇ ಹೇಳುತ್ತಿದ್ದೇನೆ."

"ಈ ವಿಷಯ ಈ ಕೋಣೆಯಲ್ಲೇ ಇರಬಹುದಲ್ಲ? ತಿದ್ದಿ ಆಯಿತಲ್ಲ?"

"ಹಳೆಯ ದಾಖಲೆಗಳನ್ನು ನೋಡದೆ ನನಗೆ ಇಲ್ಲಿ ಇನ್ನೊಂದು ರಿಪೋರ್ಟಿಗೆ ಸಹಿ ಹಾಕಲು ಆಗುವುದಿಲ್ಲ" ಎಂದೆ.

ಅವರು ವಾಪಸು ಬಂದು ಕುರ್ಚಿಯಲ್ಲಿ ಕುಳಿತರು. ಕೊನೆಗೆ, "ನೋಡುವುದು ಹೇಗೆ?" ಎಂದರು.

ಹೇಗೆ ಎನ್ನುವುದು ಬೆಳಿಗ್ಗೆಯೇ ಹೊಳೆದಿತ್ತು. ಚಿತ್ರಕ್ಕೆ ಸೇರಿಸಿದ ಪ್ರತಿಧ್ವನಿಗಳನ್ನೆಲ್ಲ, ಸೇರಿಸಿದ ಕ್ರಮದಲ್ಲೇ, ನಾವು ಡಿಸ್ಕುಗಳಲ್ಲಿ ಉಳಿಸಿದ್ದೇವೆ. ಎಲ್ಲದರ ಮೇಲೂ ಕಾರ್ಡು ಒತ್ತಿದ ಕ್ರಮಸಂಖ್ಯೆ ಇದೆ. ಎಲ್ಲಾದರೂ ಹಳೆಯ ಪ್ರತಿಧ್ವನಿ ಎರಡನೇ ಸಲ ಕೂತಿದ್ದರೆ ಸಂಖ್ಯೆಯ ಸರಣಿ ಅಲ್ಲಿ ಮುರಿಯುತ್ತದೆ. ಮೊದಲ ಪೈಪಿನಿಂದ ಕೊನೆಯ ಪೈಪಿನ ತನಕ ಸರಣಿ ಮುರಿದಿದೆಯೇ ಎಂದು ನೋಡಬೇಕು, ಅಷ್ಟೇ. ಆದರೆ ಹಳೆಯ ಯಂತ್ರ ಶೆಡ್ಡಿನ ದಿನದ ಕೆಲಸದಲ್ಲಿತ್ತು. ಬಿಡುವಾಗಿ ಇದ್ದದ್ದು ಒಂದೇ ಯಂತ್ರ.

ಮೂರು ದಿನ ಚೀನಾದ ಆ ಡಬ್ಬಿ ನಮ್ಮ ಹನ್ನೊಂದು ವರ್ಷವನ್ನು ಎಣಿಸಿತು. ಎಂಜಿನಿಯರ್ ತಮ್ಮ ಟಿಕೆಟ್ ಮುಂದಕ್ಕೆ ಹಾಕಿಸಿಕೊಂಡರು. ಮಧ್ಯಾಹ್ನ ಕ್ಯಾಬಿನ್ ಕಾದಾಗ ಯಂತ್ರ ವೇಗ ಇಳಿಸುತ್ತಿತ್ತು, ಸಂಜೆ ಮತ್ತೆ ಏರಿಸುತ್ತಿತ್ತು, ಆದರೆ ನಿಲ್ಲಲಿಲ್ಲ. ನಾನು ಡಿಸ್ಕ್ ಬದಲಿಸುತ್ತಿದ್ದೆ. ಪ್ರತಿ ಡಿಸ್ಕಿನ ಮೇಲೂ ಆಯಾ ಕಾಮಗಾರಿಯ ಹೆಸರು, ನನ್ನ ಕೈಬರಹ. ಕೆಲವು ಪೈಪುಗಳ ದಿನ ನನಗೆ ನೆನಪಿತ್ತು. ಒಂದು ಮಗಳಿಗೆ ಸೀತಾಳೆ ಸಿಡುಬು ಬಂದ ವಾರದ್ದು. ಪ್ರತಿ ಸಲ ಡಿಸ್ಕ್ ಮುಗಿದು ಪರದೆಯ ಮೇಲೆ ಸೊನ್ನೆ ಬಂದಾಗ ಒಂದು ಉಸಿರು ಬಿಡುತ್ತಿದ್ದೆ. ಅಣ್ಣ ಆಗಾಗ ಕಿಟಕಿಯಲ್ಲಿ ಇಣುಕಿ, "ಎಷ್ಟಾಯ್ತು ಮೇಡಂ?" ಎಂದು ಕೇಳಿ ಹೋಗುತ್ತಿದ್ದರು. ಮೂರನೇ ದಿನ ನಾಲ್ಕು ಗಂಟೆಗೆ ಕೊನೆಯ ಡಿಸ್ಕ್ ಮುಗಿಯಿತು. ಸೊನ್ನೆ. ಹನ್ನೊಂದು ವರ್ಷದಲ್ಲಿ ಸರಣಿ ಒಂದು ಕಡೆಯೂ ಮುರಿದಿರಲಿಲ್ಲ. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಎಂಜಿನಿಯರ್ ಸದ್ದಿಲ್ಲದೆ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ಪೈಪು ಕೊಳ್ಳುವ ಕಂಪನಿಯ ಇನ್‌ಸ್ಪೆಕ್ಟರ್ ಮರುದಿನ ಬಂದರು. ಅಬುಧಾಬಿಯವರೇ, ಹಿರಿಯರು. ಅವರಿಗೆ ಎರಡು ರಿಪೋರ್ಟ್ ಕೊಟ್ಟೆವು. ಒಂದು ನನ್ನದು: ಪ್ರೋಗ್ರಾಮಿನಲ್ಲಿ ದೋಷ ಇತ್ತು, ಯಾರದ್ದು, ಯಾವಾಗಿನದು, ಹಳೆಯ ದಾಖಲೆ ಹೇಗೆ ಪರಿಶೀಲಿಸಿದೆವು. ಇನ್ನೊಂದು ಎಂಜಿನಿಯರರದ್ದು. ಅದರಲ್ಲಿ ಅವರು ಯಾರೂ ಕೇಳದೆಯೇ ಒಂದು ಮಾತು ಸೇರಿಸಿದ್ದರು: ಕ್ಯಾಬಿನ್ನಿನ ಬಿಸಿ ನಲವತ್ತು ಡಿಗ್ರಿ ದಾಟಿದರೆ ಈ ಪ್ರೊಸೆಸರ್ ವೇಗ ಇಳಿಸಿಕೊಳ್ಳುತ್ತದೆ, ತಂಪು ಮಾಡುವ ವ್ಯವಸ್ಥೆ ಇಲ್ಲದ ಶೆಡ್ಡಿಗೆ ಇದು ಸದ್ಯಕ್ಕೆ ಸೂಕ್ತವಲ್ಲ. ಅದನ್ನು ಬರೆಯುವ ಅಗತ್ಯವೇನಿದೆ ಎಂದು ನಮ್ಮ ಮ್ಯಾನೇಜರೇ ಹಿಂದಿನ ದಿನ ಅವರಿಗೆ ಕಿವಿಮಾತು ಹೇಳಿದ್ದರು. ಅವರು ತೆಗೆಯಲಿಲ್ಲ.

ಇನ್‌ಸ್ಪೆಕ್ಟರ್ ಎರಡನ್ನೂ ಓದಿದರು. ಡಿಸ್ಕುಗಳಲ್ಲಿ ತಾವೇ ಮೂರನ್ನು ಆರಿಸಿ ತಮ್ಮ ಕಣ್ಣೆದುರು ಮತ್ತೆ ಎಣಿಸಲು ಹೇಳಿದರು. ಸೊನ್ನೆ, ಸೊನ್ನೆ, ಸೊನ್ನೆ. ಆಮೇಲೆ ತೀರ್ಪು ಕೊಟ್ಟರು: ತಂಪು ವ್ಯವಸ್ಥೆ ಇರುವ ಒಂದು ಶೆಡ್ಡಿಗೆ ಒಂದು ಯಂತ್ರ, ಆರು ತಿಂಗಳು ಹಳೆಯದರ ಜೊತೆಜೊತೆಗೆ. ಉಳಿದ ಐದಕ್ಕೆ ಈಗ ಬೇಡ.

ಆರು ಯಂತ್ರ ಮಾರಲು ಬಂದ ಎಂಜಿನಿಯರ್ ಒಂದರ ಒಪ್ಪಿಗೆ ಹಿಡಿದು ಹೋಗಬೇಕಾಯಿತು. ನಾನು ಅವರಿಗೆ ಅದನ್ನೇ ಹೇಳಿ ಬೇಸರಪಟ್ಟೆ.

"ಒಂದಾದರೂ ಕೆಲಸ ಮಾಡುತ್ತಿರುತ್ತದೆ" ಎಂದರು. "ಬಿಸಿಯದ್ದು ನಮ್ಮ ಕೆಲಸ. ಅದನ್ನು ನಾವು ಊರಿಗೆ ಹೋಗಿ ಮಾಡಬೇಕು."

ಅಣ್ಣ ಅವರನ್ನು ತಮ್ಮ ಕಾರಿನಲ್ಲೇ ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದರು. ದಾರಿಯುದ್ದಕ್ಕೂ ಇಬ್ಬರಿಗೂ ಹೆಚ್ಚು ಮಾತು ಬರಲಿಲ್ಲವಂತೆ. "ಆದ್ರೂ ಒಳ್ಳೆ ಜನ ಮಾರಾಯ್ರೆ. ಇಳಿಯುವಾಗ ನನ್ನ ಸೀಟು ಬೆಲ್ಟ್ ಸರಿ ಕೂರುದಿಲ್ಲ ಅಂತ ಕಂಡು, ಬಗ್ಗಿ ಅದನ್ನು ಸರಿಮಾಡಿ ಕೊಟ್ಟು ಹೋದ್ರು" ಎಂದರು.

ನನಗೆ ಶಿಕ್ಷೆಯೂ ಆಯಿತು. ಆರು ತಿಂಗಳು ನನ್ನ ಸಹಿಯ ಜೊತೆಗೆ ಇನ್ನೊಬ್ಬರ ಸಹಿ ಇರಬೇಕು ಎಂದು ಮ್ಯಾನೇಜರ್ ಆದೇಶ ಮಾಡಿದರು. ನನಗಿಂತ ಕಿರಿಯರ ಹತ್ತಿರ ನನ್ನ ಕೆಲಸ ತೋರಿಸಿ ಸಹಿ ಹಾಕಿಸಿಕೊಳ್ಳುವುದು ಮೊದಮೊದಲು ಕಷ್ಟವಾಯಿತು. ಅದು ನ್ಯಾಯವೇ ಆಗಿತ್ತು. ಆರು ತಿಂಗಳು ಮುಗಿದ ಮೇಲೂ ನಾನೇ ಕೇಳಿ ಆ ಪದ್ಧತಿಯನ್ನು ಉಳಿಸಿಕೊಂಡೆ.

ಆ ನಡುವೆ ಎಂಜಿನಿಯರರಿಂದ ಒಂದು ಪತ್ರ ಬಂತು. ಹಳೆಯ ಪ್ರೊಸೆಸರಿನಿಂದ ತಮ್ಮ ಪ್ರೊಸೆಸರಿಗೆ ಪ್ರೋಗ್ರಾಮ್ ತರುವವರಿಗಾಗಿ ಅವರು ಒಂದು ಕೈಪಿಡಿ ಮಾಡುತ್ತಿದ್ದಾರೆ. ನಮ್ಮಲ್ಲಿ ಆದದ್ದನ್ನು ಉದಾಹರಣೆಯಾಗಿ ಹಾಕಬಹುದೇ ಎಂದು ಕೇಳಿದ್ದರು. ನಾನು ಮ್ಯಾನೇಜರರ ಹತ್ತಿರ ಹೋಗಿ, ಹಾಕಲಿ, ನನ್ನ ಹೆಸರನ್ನೂ ಹಾಕಲಿ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ತಪ್ಪಿನ ಕೆಳಗೆ ಹೆಸರು ಹಾಕಿಸಿಕೊಳ್ಳುವವರನ್ನು ಇವತ್ತೇ ನೋಡಿದ್ದು. ಕಂಪನಿಯ ಹೆಸರು ಬೇಡ, ನಿಮ್ಮದೂ ಬೇಡ. ಉಳಿದದ್ದು ಹಾಕಿಕೊಳ್ಳಲಿ" ಎಂದರು.

ಕೈಪಿಡಿ ಹೋದ ತಿಂಗಳು ಬಂತು. ಚೀನಿ ಒಂದು ಕಡೆ, ಇಂಗ್ಲಿಷ್ ಇನ್ನೊಂದು ಕಡೆ. ನನ್ನ ಸಾಲನ್ನು ಇದ್ದ ಹಾಗೆಯೇ ಹಾಕಿ, ಪಕ್ಕದಲ್ಲಿ ತಿದ್ದಿದ ಸಾಲನ್ನು ಕೊಟ್ಟಿದ್ದಾರೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ವಾಕ್ಯವಿದೆ. ಮಗಳು ಅದನ್ನು ಗಟ್ಟಿಯಾಗಿ ಓದಿ, ಇಂಗ್ಲಿಷಿನಲ್ಲೇ ಕೇಳಿದಳು, ಅಮ್ಮಾ, ಇದು ನೀನಾ ಎಂದು. ಕನ್ನಡದಲ್ಲಿ ಹೇಳುವುದಾದರೆ ಅದು ಇಷ್ಟು: ‘ಅಬುಧಾಬಿಯ ಎಂಜಿನಿಯರ್ ಒಬ್ಬರು ತಾವೇ ಕಂಡುಹಿಡಿದು, ತಾವೇ ಹೇಳಿದ ದೋಷ.’

ನಾನೇ ಎಂದೆ.